ಹುರುಳಿ ಹೊಲದ ಪೆಟ್ಟಿಗೆ ಮನೆ

ಮೊನ್ನೆ ಶನಿವಾರ ಬೆಳಿಗ್ಗೆ ನಮ್ಮ ಬೀದಿಯ ತುದಿಯಲ್ಲಿ ಮನೆ ಕಟ್ಟಿಸುತ್ತಿರುವವರು ಒಂದು ಟೆಂಪೊ ತುಂಬ ಹಸಿ ನೀಲಗಿರಿ ಕಂಬ ಇಳಿಸಿಕೊಂಡರು. ಹಾಲು ತರಲು ಹೊರಟಿದ್ದ ನಾನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ನೀಲಗಿರಿ ಎಂದರೆ ಯಾರಿಗಾದರೂ ನೆಗಡಿ ನೆನಪಾದೀತು. ನನಗೆ ನೆನಪಾದದ್ದು ನಮ್ಮ ಮಾವನವರ ಹುರುಳಿ ಹೊಲ, ಮತ್ತು ಆ ಹೊಲದಂಚಿನಲ್ಲಿ ಮಕ್ಕಳಿಬ್ಬರನ್ನು ಜೊತೆಗಿಟ್ಟುಕೊಂಡು ನಾನು ಕಟ್ಟಿದ ಒಂದು ಪೆಟ್ಟಿಗೆ. ಪೆಟ್ಟಿಗೆ ಎಂದರೆ ಒಳಗೆ ಮನುಷ್ಯರು ಕೂರುವಂಥದ್ದು. ಪುರಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ಕೆಳಗೆ ನಾಲ್ಕು ಪವರ್‌ಲೂಮ್, ಮೇಲೆ ನಾವು. ಬೆಳಗಿನಿಂದ ಸಂಜೆಯ ತನಕ ಆ ಸದ್ದಿನ ಮೇಲೇ ನಮ್ಮ ಸಂಸಾರ ನಡೆಯಬೇಕು. ಉಪ್ಪು ಬೇಕಾದರೂ ಕೂಗಿಯೇ ಕೇಳಬೇಕು. ಅದೇ ಅಭ್ಯಾಸದಲ್ಲಿ ನೆಂಟರ ಮನೆಯಲ್ಲೂ ಮಾತಾಡಿ, ಇಲ್ಲೇನೋ ಜಗಳವಾಗುತ್ತಿದೆ ಎಂದು ಅಕ್ಕಪಕ್ಕದವರು ಬಂದು ಇಣುಕಿ ಹೋದದ್ದೂ ಉಂಟು. ಇಂಥ ಮನೆಗೆ ಹೆಣ್ಣು ಕೊಟ್ಟ ನಮ್ಮ ಮಾವನವರು ಅರ್ಧ ಗಂಟೆ ದೂರದ, ಬೆಟ್ಟದ ಬುಡದ ಹಳ್ಳಿಯವರು. ಮಿತಭಾಷಿ. ಹರೆಯದಲ್ಲಿ ಆ ಸೀಮೆಗೆಲ್ಲ ಹೆಸರಾದ ಶಿಕಾರಿಯವರು.

ಬೇಟೆ ಆಡಬಾರದೆಂಬ ಕಾನೂನು ಬಂದು ಎಷ್ಟೋ ವರ್ಷವಾಗಿದ್ದರೂ ಅದು ಬೆಟ್ಟದ ಬುಡಕ್ಕೆ ಬಂದು ತಲುಪುವುದು ಸ್ವಲ್ಪ ತಡವಾಯಿತು, ಅಷ್ಟೆ. ಯಾವುದೋ ಎಲೆಕ್ಷನ್ನಿಗೆ ಮೊದಲು ಊರಿನ ಲೈಸೆನ್ಸ್ ಕೋವಿಗಳನ್ನೆಲ್ಲ ಸ್ಟೇಷನ್ನಿಗೆ ಒಪ್ಪಿಸಬೇಕೆಂದರು. ಮಾವನವರೂ ಒಪ್ಪಿಸಿದರು. ಎಲೆಕ್ಷನ್ ಮುಗಿಯಿತು, ಗೆದ್ದವರು ಇನ್ನೊಮ್ಮೆ ಸೋತರು, ಇವರು ಕೋವಿ ವಾಪಸು ತರಲು ಹೋಗಲೇ ಇಲ್ಲ. ಯಾಕೆಂದು ನಾನೊಮ್ಮೆ ಕೇಳಿದ್ದಕ್ಕೆ, ಸ್ಟೇಷನ್ನಿನ ಬೆಂಚಿನಲ್ಲಿ ತಿಗಣೆ ಇತ್ತು ಎಂದರು. ಅದು ಉತ್ತರವೋ, ಇನ್ನು ಕೇಳಬೇಡ ಎನ್ನುವ ಸೂಚನೆಯೋ ನನಗೆ ಆಗ ತಿಳಿಯಲಿಲ್ಲ.

ಏಳು ವರ್ಷದ ಹಿಂದಿನ ದಸರಾ ರಜೆ. ನನ್ನ ಮಗಳು ಸಿರಿಗೆ ಹತ್ತು, ಮಗ ತೇಜುವಿಗೆ ಏಳು. ಸಂಜೆ ಹೊತ್ತು ಬೆಟ್ಟದಿಂದ ಜಿಂಕೆಗಳು ಹುರುಳಿ ಮೇಯಲು ಇಳಿಯುತ್ತವೆ ಎಂದು ತಾತ ಹೇಳಿದ್ದೇ ತಡ, ಮಕ್ಕಳು ಊಟ ಬಿಟ್ಟವು. ಬದುವಿನ ಮರೆಯಲ್ಲಿ ನಾನೂ ಮಕ್ಕಳೂ ಕೂತೆವು. ಜಿಂಕೆ ಬಂದದ್ದೇನೋ ನಿಜ. ಆದರೆ ತೇಜು ತನ್ನ ಮಟ್ಟಿಗೆ ಪಿಸುಗುಟ್ಟಿದ. ಮಗ್ಗದ ಮನೆಯ ಪಿಸುಮಾತು, ಬೆಟ್ಟಕ್ಕೆ ತಾಕಿ ತಿರುಗಿ ಬಂತು. ನಮಗೆ ಕಂಡದ್ದು ನಾಲ್ಕು ಬಾಲ ಮಾತ್ರ. ಇವನಿಗೆ ಮುಳ್ಳು ಚುಚ್ಚುತ್ತದೆ, ಅವಳಿಗೆ ಇರುವೆ ಕಚ್ಚುತ್ತದೆ, ನನಗೆ ಸೊಂಟ ನೋಯುತ್ತದೆ. ಹೀಗೆ ಕೂತು ನೋಡುವುದು ನಮ್ಮಿಂದಾಗದ ಕೆಲಸ ಎನಿಸಿತು.

ಆ ರಾತ್ರಿ ಫೋನಿನಲ್ಲಿ ಏನೋ ಹುಡುಕುತ್ತಿದ್ದಾಗ, ಯಾವುದೋ ದೇಶದ ಅಪ್ಪನೊಬ್ಬ ತನ್ನ ಮಕ್ಕಳೊಂದಿಗೆ ಜಿಂಕೆ ಬೇಟೆಗೆಂದು ಮರದ ಪೆಟ್ಟಿಗೆ ಕಟ್ಟುವ ವಿಡಿಯೋ ಸಿಕ್ಕಿತು. ಕಂಬದ ಮೇಲೆ ನಾಲ್ಕು ಗೋಡೆ, ಸೂರು, ಸುತ್ತ ಸಣ್ಣ ಕಿಟಕಿ, ಒಳಗೆ ಕುರ್ಚಿ, ನೆಲಕ್ಕೆ ಕಂಬಳಿ. ಮಕ್ಕಳು ಅಲುಗಾಡಿದರೂ ಹೊರಗೆ ಕಾಣದು. ಅದರಲ್ಲಿ ಬಂದೂಕೊಂದನ್ನು ಬಿಟ್ಟು ಉಳಿದದ್ದೆಲ್ಲ ನಮಗೆ ಬೇಕಾದದ್ದೇ ಎಂದುಕೊಂಡೆ. ಬೆಳಿಗ್ಗೆ ಮಾವನವರಿಗೆ ತೋರಿಸಿದೆ. ಅವರು ಕೊನೆಯ ತನಕ ನೋಡಿ ಫೋನ್ ಹಿಂದಕ್ಕೆ ಕೊಟ್ಟರು.

"ಜಿಂಕೆ ನೋಡೋರು ಮುಳ್ಳಲ್ಲಿ ಕೂತ್ಕೋಬೇಕು ಕಣಪ್ಪಾ. ಸುಖವಾಗಿ ಕೂತೋನಿಗೆ ನಿದ್ದೆ ಬರುತ್ತೆ, ಜಿಂಕೆ ಬರಲ್ಲ."

ಹಾಗೆಂದರೂ ಮಧ್ಯಾಹ್ನದ ಹೊತ್ತಿಗೆ ತಮ್ಮ ಬದುವಿನ ನೀಲಗಿರಿಯಲ್ಲೇ ನಾಲ್ಕು ಕಡಿದು ಸಿಪ್ಪೆ ಸುಲಿದು ಹಾಕಿದ್ದರು. ನಾನು ದೊಡ್ಡಬಳ್ಳಾಪುರಕ್ಕೆ ಹೋಗಿ ಗುಜರಿ ಅಂಗಡಿಯಿಂದ ಹಳೆಯ ಪ್ಲೈವುಡ್ ಹಲಗೆ ಹೇರಿಸಿಕೊಂಡು ಬಂದೆ. ಮಕ್ಕಳಿಗೆ ಎಂದು ತಿಳಿದು ಅಂಗಡಿಯ ಸಾಹೇಬರು ವ್ಯಾನೊಂದರಿಂದ ಕಿತ್ತಿಟ್ಟಿದ್ದ ಸೀಟನ್ನೂ ಮೇಲೆ ಹಾಕಿ ಕಳಿಸಿದರು.

ಇನ್ನು ನನ್ನ ಬಡಗಿತನದ ವಿಚಾರ. ನೂಲಿನ ಎಳೆ ತಪ್ಪಿದರೆ ಕಣ್ಣುಮುಚ್ಚಿ ಹೇಳಬಲ್ಲೆನೇ ಹೊರತು ಮರ ನನ್ನ ಮಾತು ಕೇಳುವುದಿಲ್ಲ. ಆರು ಅಡಿ ಎತ್ತರ ನಿಲ್ಲಬೇಕಿದ್ದ ಪೆಟ್ಟಿಗೆಗೆ ಒಂದು ಕಾಲು ಗಿಡ್ಡ ಕೊಯ್ದೆ. ಅದಕ್ಕೆ ಸರಿಮಾಡಲು ಇನ್ನೊಂದನ್ನು ಕೊಯ್ದೆ, ಅದು ಇನ್ನೂ ಗಿಡ್ಡವಾಯಿತು. ಕೊನೆಗೆ ನಾಲ್ಕೂ ಸಮವಾದಾಗ ಪೆಟ್ಟಿಗೆ ನೆಲದಿಂದ ಮೊಣಕಾಲೆತ್ತರದಲ್ಲಿ ಕೂತಿತ್ತು. ಬಾಗಿಲನ್ನು ಒಳಗೆ ತೆರೆಯುವಂತೆ ಕೂರಿಸಿದೆ. ಒಳಗೆ ನಾವು ಮೂವರಿದ್ದಾಗ ಅದನ್ನು ತೆರೆಯಲಾಗದೆ, ಮಾವನವರು ಬಂದು ಬಾಗಿಲನ್ನೇ ಕಳಚಿ ಬಿಡಿಸಿದರು. ಬಾಗಿಲೇ ಬೇಡ, ಗೋಣಿ ಪರದೆ ಸಾಕು ಎಂದವಳು ಸಿರಿ. ಕಿಟಕಿಗಳನ್ನು ಅವಳ ಕಣ್ಣಿನ ಅಳತೆಗೊಂದು, ಅವನ ಕಣ್ಣಿನ ಅಳತೆಗೊಂದು ಎಂದು ಕೊರೆದೆವು. ಸದ್ದಾಗದಿರಲೆಂದು ನೆಲಕ್ಕೆ ಹಳೆಯ ಕಂಬಳಿ ಹಾಸಿದೆವು. ವ್ಯಾನ್ ಸೀಟು ನಡುಮಧ್ಯೆ ಸಿಂಹಾಸನದ ಹಾಗೆ ಕೂತಿತು. ತೇಜು ಅದಕ್ಕೆ ಪೆಟ್ಟಿಗೆ ಮನೆ ಎಂದು ಹೆಸರಿಟ್ಟ.

ಉಳಿದದ್ದು ಮೇಲೆ ಸೊಪ್ಪು ಹೊದಿಸುವ ಕೆಲಸ. ಸೊಪ್ಪು ತರಲು ಬೆಟ್ಟದ ಕಡೆಯ ಬೇಲಿಗೆ ಹೋದ ಸಿರಿ ಅಲ್ಲಿಂದಲೇ ತಾತನನ್ನು ಕೂಗಿದಳು. ಬೇಲಿಯ ಸಂದಿನಲ್ಲಿ ಬೈಕಿನ ಕ್ಲಚ್ ವೈರಿನ ಉರುಳೊಂದು ಬಾಯಿ ತೆರೆದು ನಿಂತಿತ್ತು. ಜಿಂಕೆಯ ಕುತ್ತಿಗೆಯ ಎತ್ತರಕ್ಕೆ. ಮಾವನವರು ಕುಕ್ಕರಗಾಲಿನಲ್ಲಿ ಕೂತು, ವೈರನ್ನು ಗೂಟಕ್ಕೆ ಬಿಗಿದಿದ್ದ ಗಂಟನ್ನು ಬೆರಳಿನಿಂದ ಸವರಿದರು.

ಇದನ್ನು ಹಾಕಿದ್ದು ಯಾರೆಂದು ಸಿರಿ ಕೇಳಿದಳು.

"ಹಾಕಿದ್ದು ಹನುಮಂತು ಇರಬೇಕು. ಗಂಟು ನಂದು."

ಮಕ್ಕಳಿಗೆ ಅರ್ಥವಾಗಲಿಲ್ಲ. ಮಾವನವರೇ ಬಿಡಿಸಿ ಹೇಳಿದರು. ಹನುಮಂತು ಪಕ್ಕದ ಹೊಲದವನು. ಹರೆಯದಲ್ಲಿ ಇವರ ಹಿಂದೆಯೇ ಬೆಟ್ಟ ಸುತ್ತಿದವನು. ಆ ಗಂಟು ಎಳೆದಷ್ಟೂ ಬಿಗಿಯುತ್ತದೆ, ಬಿಚ್ಚುವುದಿಲ್ಲ. ಅದನ್ನು ಹಾಕಲು ಅವನಿಗೆ ಕಲಿಸಿದ್ದು ತಾವೇ. ಮೊಮ್ಮಕ್ಕಳ ಮುಂದೆ ಆ ಮಾತು ಹೇಳುವಾಗ ಅವರು ಮುಖ ಆಚೆ ತಿರುಗಿಸಲಿಲ್ಲ. ನಾನಾಗಿದ್ದರೆ ಏನಾದರೂ ಸುಳ್ಳು ಹೇಳಿಬಿಡುತ್ತಿದ್ದೆ.

ಸಂಜೆ ಹನುಮಂತುವಿನ ಮನೆಗೆ ಹೋದೆವು. ಮಕ್ಕಳು ಬೇಡವೆಂದು ನಾನೆಂದರೆ, ಬರಲಿ ಎಂದರು ಮಾವ. ಹನುಮಂತು ಹಸುವಿಗೆ ಹುಲ್ಲು ಹಾಕುತ್ತಿದ್ದ. ಮಾವನವರ ಕೈಯಲ್ಲಿದ್ದ ವೈರು ನೋಡಿದ. ಹಾಕಿಲ್ಲ ಎಂದು ಹೇಳಲಿಲ್ಲ. ಬಿತ್ತಿದ ಹುರುಳಿಯಲ್ಲಿ ಅರ್ಧ ಜಿಂಕೆಯ ಹೊಟ್ಟೆಗೇ ಹೋಗುತ್ತದೆ, ನಾನು ಏನು ಮಾಡಲಿ ಎಂದ. ಆಮೇಲೆ ತಲೆ ತಗ್ಗಿಸಿ, "ನೀನೇ ಅಲ್ವೇನಣ್ಣಾ ಕಲ್ಸಿದ್ದು?" ಎಂದ.

"ನಾನೇ ಕಣೋ. ಅದಕ್ಕೇ ಬಿಡ್ಸೋಕೂ ನಾನೇ ಬಂದೆ."

ಬೆಟ್ಟದ ಕಡೆ ಇರುವ ತಮ್ಮ ಎರಡು ಪಟ್ಟೆ ಹುರುಳಿಯನ್ನು ಕುಯ್ಯದೆ ಜಿಂಕೆಗೇ ಬಿಡುವುದಾಗಿಯೂ, ಹನುಮಂತುವಿನ ಹೊಲಕ್ಕೆ ಮುಳ್ಳುಬೇಲಿ ಹಾಕಲು ತಾವೂ ಬರುವುದಾಗಿಯೂ ಹೇಳಿದರು. ಹನುಮಂತು ಹಸುವಿನ ಮುಂದೆ ಇನ್ನೊಂದು ಹಿಡಿ ಹುಲ್ಲು ಹಾಕಿದ. ನಾವು ಎದ್ದು ಬಂದೆವು. ಆ ರಾತ್ರಿ ಮಾವನವರು ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಕೈ ತೊಳೆದರು.

ಬೆಳಿಗ್ಗೆ ಹನುಮಂತು ಕಟಿಂಗ್ ಪ್ಲೇಯರ್ ಹಿಡಿದು ಅಂಗಳದಲ್ಲಿ ನಿಂತಿದ್ದ. ಎಲ್ಲೆಲ್ಲಿ ಹಾಕಿದ್ದೇನೆಂಬುದು ತನಗೇ ಪೂರ್ತಿ ನೆನಪಿಲ್ಲ, ಅಣ್ಣನೂ ಬರಬೇಕು ಎಂದ. ಆ ದಿನವೆಲ್ಲ ಇಬ್ಬರೂ ಬೇಲಿಗುಂಟ ನಡೆದರು, ಮಕ್ಕಳು ಹಿಂದೆ. ಹನುಮಂತು ಮರೆತ ಕಡೆಯಲ್ಲೂ ಮಾವನವರು ನೇರ ಹೋಗಿ ನಿಲ್ಲುತ್ತಿದ್ದರು. ನಾನಾಗಿದ್ದರೆ ಎಲ್ಲಿ ಹಾಕುತ್ತಿದ್ದೆ ಎಂದು ಯೋಚಿಸಿದರೆ ಸಾಕಿತ್ತಂತೆ. ಸಂಜೆ ಸಿರಿಯ ಕೈಚೀಲದ ತುಂಬ ವೈರು ಸುರುಳಿ.

ಪೆಟ್ಟಿಗೆಯಲ್ಲಿ ಕೂರುವ ಗಳಿಗೆ ಬಂದದ್ದು ದೀಪಾವಳಿಗೆ ಮತ್ತೆ ಹೋದಾಗ. ತಮ್ಮ ಬೀಡಿ ವಾಸನೆ ಆ ಜಿಂಕೆಗಳಿಗೆ ಮೂರು ತಲೆಮಾರಿನಿಂದ ಗೊತ್ತು, ತಾವು ಬರುವುದಿಲ್ಲ ಎಂದರು ಮಾವ. ಆಗ ಅಡುಗೆಮನೆಯಿಂದ ನಮ್ಮ ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ನಾನು ಬರ್ಲಾ? ಎಷ್ಟು ವರ್ಷ ಬೇಯ್ಸಿ ಹಾಕಿದೀನಿ. ಜೀವ ಇರೋದನ್ನ ಒಂದಿನಾನೂ ನೋಡಿಲ್ಲ."

ಮಾವನವರು ಎದ್ದು ಹೋಗಿ, ಅತ್ತೆಯ ಊರುಗೋಲು ತಂದು ಅವರ ಕೈಗೆ ಕೊಟ್ಟರು. ಅತ್ತೆಗೆ ಮಂಡಿನೋವು. ನೆಲಕ್ಕೆ ಕೂರಲಾರರು, ಏಣಿಯನ್ನಂತೂ ಹತ್ತಲಾರರು. ನಾನು ಕಾಲುಗಳನ್ನು ತಪ್ಪು ಕೊಯ್ದಿದ್ದರಿಂದ ಪೆಟ್ಟಿಗೆ ಮನೆಗೆ ಒಂದೇ ಮೆಟ್ಟಿಲು. ಸಿರಿ ಒಂದು ತೋಳು ಹಿಡಿದಳು, ನಾನು ಇನ್ನೊಂದು. ಅತ್ತೆ ಹತ್ತಿ ವ್ಯಾನ್ ಸೀಟಿನಲ್ಲಿ ಒರಗಿ ಕೂತರು. ನನ್ನ ಇಡೀ ಆಯುಷ್ಯದ ಬಡಗಿತನ ಅಂದು ಸಾರ್ಥಕವಾಯಿತು.

ಮಾವನವರು ಹೇಳಿದ ಹಾಗೆಯೇ ಆಯಿತು. ಸುಖವಾಗಿ ಕೂತ ನನಗೆ ನಿದ್ದೆ ಬಂತು. ಎಬ್ಬಿಸಿದ್ದು ತೇಜು. ಮಾತಿಲ್ಲದೆ, ನನ್ನ ಹೆಬ್ಬೆರಳು ಹಿಂಡಿ. ಹೊರಗೆ ಇಳಿಬಿಸಿಲು. ಹುರುಳಿಯ ನಡುವೆ ಮೂರು ಹೆಣ್ಣು ಜಿಂಕೆ, ಒಂದು ಮರಿ. ಮರಿ ನಮ್ಮಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಕಿವಿ ಅಲ್ಲಾಡಿಸುತ್ತಿತ್ತು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡು, ಕಿಟಕಿಗೆ ಹಣೆ ಹಚ್ಚಿ ನೋಡಿದರು. ಉಸಿರಾಡುತ್ತಿದ್ದಾರೋ ಇಲ್ಲವೋ ಎಂದು ನನಗೆ ಗಾಬರಿಯಾಗುವಷ್ಟು ಹೊತ್ತು ಅಲುಗದೆ ನೋಡಿದರು. ಜಿಂಕೆಗಳು ಮೇಯುತ್ತ ಮೇಯುತ್ತ ಬೆಟ್ಟದ ಕಡೆ ಸರಿದ ಮೇಲೆ ಬಾಯಿಂದ ಸೆರಗು ತೆಗೆದು, ಯಾರಿಗೂ ಅಲ್ಲವೆಂಬಂತೆ ಕೇಳಿದರು.

"ಇಷ್ಟು ಸಣ್ಣ ಕಾಲಲ್ಲಿ ಅಷ್ಟು ಬೆಟ್ಟ ಹತ್ತುತ್ತಾ ಅದು?"

ಮನೆಗೆ ಬಂದಾಗ, ಕಂಡಿತೇ ಎಂದು ಕೇಳಿದರು ಮಾವ. ಕಂಡಿತು ಎಂದು ಅತ್ತೆ ಒಲೆಯ ಕಡೆ ಹೋದರು. ಊಟಕ್ಕೆ ಬಡಿಸುವಾಗ ಮಾತ್ರ, ನಾಳೆ ನೀವೂ ಬನ್ನಿ, ಬೀಡಿ ಇಲ್ಲೇ ಇಟ್ಟು ಬನ್ನಿ ಎಂದರು. ಮರುದಿನ ಮಾವನವರು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು ಪೆಟ್ಟಿಗೆ ಮನೆಗೆ ನಡೆದರು. ಕೈಯಲ್ಲಿ ಏನೂ ಇಲ್ಲದೆ ಅವರು ಜಿಂಕೆಗಾಗಿ ಕಾದದ್ದು ಅದೇ ಮೊದಲಂತೆ.

ಇಷ್ಟು ನೆನಪಾದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಹಾಲು ಇಟ್ಟು, ಮಗ್ಗ ನಿಲ್ಲಿಸಿ, ಮಧ್ಯಾಹ್ನದ ಬಸ್ಸು ಹತ್ತಿದೆ. ಪಿಯುಸಿ ಓದುವ ಸಿರಿಗೆ ಕ್ಲಾಸಿತ್ತು, ತೇಜುವಿಗೆ ಮ್ಯಾಚಿತ್ತು; ಒಬ್ಬನೇ ಹೋದೆ. ಹೊಲಕ್ಕೆ ಹೋಗಿ ನೋಡಿದರೆ ಗೋಣಿ ಪರದೆಯ ಮುಂದೆ ಐದಾರು ಜೊತೆ ಪುಟ್ಟ ಚಪ್ಪಲಿ. ಶನಿವಾರ ಅರ್ಧ ದಿನದ ಸ್ಕೂಲು ಬಿಟ್ಟ ಮೇಲೆ ಹನುಮಂತು ಊರ ಮಕ್ಕಳನ್ನು ಕರೆತರುವುದು ಈಗ ರೂಢಿಯಾಗಿದೆಯಂತೆ. ನಾನು ಒಳಗೆ ಇಣುಕಿದೆ. ಎರಡು ಜಡೆಯ ಹುಡುಗಿಯೊಬ್ಬಳು ಹೊರಗೆ ತಲೆ ಹಾಕಿ, ತುಟಿಯ ಮೇಲೆ ಬೆರಳಿಟ್ಟು, ಇದು ತನ್ನ ಮನೆಯೆಂಬ ಠೀವಿಯಲ್ಲಿ ಹೇಳಿದಳು:

"ಅಂಕಲ್, ಜಾಗ ಇಲ್ಲ. ಇನ್ನೊಂದು ಕಟ್ಕೊಳಿ."

ಅವಳ ಮಾತು ನನಗೂ ಸರಿ ಕಂಡಿತು. ಬದುವಿನ ಆಚೆ ಕಡೆ, ಮಾವನವರು ಆಗಲೇ ಹೆಜ್ಜೆ ಹಾಕಿ ನೆಲ ಅಳೆಯುತ್ತಿದ್ದರು.