ಗಿರಿಜತ್ತೆಯ ಮನೆ ಮೇಲೆ ಸುತ್ತು

ಕಳೆದ ಭಾನುವಾರ ಹರಿಹರದ ಹೊರಗೆ, ಮೆಕ್ಕೆಜೋಳ ಕೊಯ್ದ ಹೊಲವೊಂದರಲ್ಲಿ ವಿಮಾನ ಇಳಿಸಿದೆ. ನೀರು ಕುಡಿದು, ಬೆವರೊರೆಸಿಕೊಂಡು ಕೂತಿದ್ದೆ. ಕುಲುಕಾಡುತ್ತಾ ಒಂದು ಆಟೋ ಹೊಲಕ್ಕೇ ನುಗ್ಗಿ ಬಂತು. ಅದರಿಂದ ಹರಿಹರದಲ್ಲೇ ಇರುವ ನನ್ನ ಸೋದರತ್ತೆ ಗಿರಿಜಮ್ಮ ಇಳಿದರು. ಕೈಯಲ್ಲಿ ಸ್ಟೀಲ್ ಡಬ್ಬಿ!

ಇರಿ, ಮೊದಲಿನಿಂದ ಹೇಳುತ್ತೇನೆ.

ನನ್ನ ಗ್ಲೈಡರ್ ಹುಚ್ಚು ನಿಮಗೆ ಹೊಸದಲ್ಲ. (ಗೊತ್ತಿಲ್ಲದವರಿಗೆ: ಅದು ಇಂಜಿನ್ ಇಲ್ಲದ ವಿಮಾನ. ಪೆಟ್ರೋಲ್ ಬೇಕಿಲ್ಲ, ಮನೆಯವರಿಗೆ ನೆಮ್ಮದಿಯೂ ಇಲ್ಲ.) ಬಿಸಿಗಾಳಿ ಏಳುವ ಜಾಗ ಹುಡುಕಿ, ಅಲ್ಲೇ ಗಿರಗಿರ ಸುತ್ತಿ ಮೇಲೇರಬೇಕು. ಆಮೇಲೆ ಮುಂದಿನ ಬಿಸಿಗಾಳಿಯವರೆಗೆ ಜಾರಿಕೊಂಡು ಹೋಗಬೇಕು. ಗಾಳಿ ಕೈಕೊಟ್ಟರೆ? ಸಿಕ್ಕಿದ ಹೊಲವೇ ಏರ್‌ಪೋರ್ಟ್.

ಇದು ಗೊತ್ತಾದ ದಿನವೇ ನನ್ನ ಹೆಂಡತಿ ಶೈಲಾ ಷರತ್ತು ಹಾಕಿದಳು. ಅಂಗೈಯಗಲದ ಸ್ಯಾಟಲೈಟ್ ಟ್ರ್ಯಾಕರ್ ಜೊತೆಗಿರಬೇಕು. ನಾನು ಎಲ್ಲಿದ್ದೇನೆಂದು ಅದು ಆಗಾಗ ಉಪಗ್ರಹಕ್ಕೆ ಹೇಳುತ್ತದೆ. ವಿದ್ಯಾನಗರದ ನಮ್ಮ ಮನೆಯಲ್ಲಿ, ಅವಳ ಮೊಬೈಲಿನ ಮ್ಯಾಪ್ ಮೇಲೆ, ನಾನೊಂದು ಕೆಂಪು ಚುಕ್ಕಿ. ಇಳಿದ ತಕ್ಷಣ ‘ಓಕೆ’ ಗುಂಡಿ ಒತ್ತಬೇಕು.

“ಓಕೆ ಬರ್ಲಿಲ್ಲ ಅಂದ್ರೆ ಅವತ್ತಿಗೆ ನಿಮ್ಮ ಹಾರಾಟ ಮುಗೀತು ಅಂತ ತಿಳ್ಕೊಳ್ರಿ” ಎಂದಿದ್ದಳು.

ಆ ಮಹಾತಾಯಿ ಮ್ಯಾಪಿನ ಲಿಂಕನ್ನು ಫ್ಯಾಮಿಲಿ ಗ್ರೂಪಿಗೂ ಹಾಕಿದ್ದು ಮಾತ್ರ ನನಗೆ ಗೊತ್ತಿರಲಿಲ್ಲ.

ಭಾನುವಾರ ಹರಿಹರದ ಮೇಲೆ ಒಂದು ಬಿಸಿಗಾಳಿ ಸಿಕ್ಕಿತು ನೋಡಿ. ಸುತ್ತಿದೆ, ಸುತ್ತಿದೆ, ಒಬ್ಬನೇ ನಗುತ್ತಾ ಸುತ್ತಿದೆ. ಕೆಳಗೆ ತುಂಗಭದ್ರೆ ಥಳಥಳ. ಪಕ್ಕದಲ್ಲೇ ಸುತ್ತುತ್ತಿದ್ದ ಹದ್ದು ‘ಯಾರಿವನು’ ಎಂಬಂತೆ ನೋಡಿತು. ಸ್ವಲ್ಪ ದೂರ ಹೋದ ಮೇಲೆ ಗಾಳಿ ಸತ್ತೇಹೋಯಿತು. ಹೊಲ ಹುಡುಕಿ ಇಳಿಸಿದೆ. ಓಕೆ ಒತ್ತಿ, ಬಿಸಿಲಿಗೆ ಹಾಳಾದೀತೆಂದು ಟ್ರ್ಯಾಕರನ್ನು ರೆಕ್ಕೆಯ ನೆರಳಿನಲ್ಲಿಟ್ಟೆ. (ಆಕಾಶ ಕಾಣದಿದ್ದರೆ ಅದು ಮೂಕ ಎಂಬುದು ಆ ಖುಷಿಯಲ್ಲಿ ಮರೆತೇಹೋಗಿತ್ತು.) ಮೊಬೈಲೋ, ಹದ್ದಿನ ವಿಡಿಯೋ ಮಾಡಿ ಮಾಡಿ ಆಫ್ ಆಗಿತ್ತು.

ಆಗ ಬಂದದ್ದು ಅತ್ತೆ.

“ನಮ್ಮನೆ ಮೇಲೆ ಅಷ್ಟು ಸುತ್ತು ಹಾಕ್ದಾಗ್ಲೇ ಗೊತ್ತಾತು, ಊಟಕ್ಕೆ ಬಂದೀಯ ಅಂತ. ಶಾವಿಗೆ ಬಸ್ದಿಟ್ಟೆ. ನೋಡಿದ್ರೆ ಚುಕ್ಕಿ ಇಲ್ಲಿ ಬಂದು ನಿಂತೈತೆ. ಅಲ್ಲಿ ಇಳ್ಸಾಕೆ ಜಾಗ ಸಿಗ್ಲಿಲ್ಲೇನಪಾ?”

ವರ್ಷಗಳಿಂದ ಊಟಕ್ಕೆ ಕರೆಯುತ್ತಿದ್ದರು. ನಾನು ಪ್ರತಿಸಲ ಟೈಮ್ ಇಲ್ಲ ಎನ್ನುತ್ತಿದ್ದೆ. ಸುತ್ತಿದ್ದು ಬಿಸಿಗಾಳಿಗಾಗಿ ಎನ್ನಲು ಬಾಯಿ ತೆರೆದೆ. ಅತ್ತೆಯ ಮುಖದ ಹಿಗ್ಗು ನೋಡಿ ಮುಚ್ಚಿಕೊಂಡೆ. ನೀವಾಗಿದ್ದರೆ ಹೇಳುತ್ತಿದ್ದಿರಾ?

ಅತ್ತೆಯ ಮೊಬೈಲ್ ಬಡಿದುಕೊಂಡಿತು, ಸ್ಪೀಕರ್ ಹಾಕಿದರು. ಶೈಲಾ. “ಓಕೆ ಬಂದಿಲ್ಲ ಅತ್ತೆ, ಚುಕ್ಕಿ ನಿಂತ್ಬಿಟ್ಟೈತೆ.” ಧ್ವನಿ ನಡುಗುತ್ತಿತ್ತು. ಆಗಲೇ ರೆಕ್ಕೆಯ ಕೆಳಗಿನ ಟ್ರ್ಯಾಕರ್ ಕಣ್ಣಿಗೆ ಬಿತ್ತು. ಮುಗೀತು ನನ್ನ ಹಾರಾಟ ಎಂದುಕೊಂಡೆ.

“ಇಲ್ಲೇ ನನ್ ಮುಂದೆ ಅದಾನೆ ಬಿಡವ್ವ. ಬಿಸಿಲಿಗೆ ಕರ್ರಗಾಗ್ಯಾನೆ ಅಷ್ಟೆ. ಉಣಿಸಿ ಕಳಿಸ್ತೀನಿ” ಎಂದರು ಅತ್ತೆ.

ಆ ಕಡೆ ಶೈಲಾ ನಕ್ಕಳು. ಆ ನಗು ಕೇಳಿ ನನಗೆ ಹೋದ ಜೀವ ಬಂತು. ಹೊಲದಲ್ಲೇ ಕೂತು ಹಾಲು ಸಕ್ಕರೆ ಕಲಸಿದ ಶಾವಿಗೆ ಬಡಿದೆ. ಅತ್ತೆಯ ಮೊಬೈಲಿನಿಂದ ಕರೆದಾಗ ಗ್ಲೈಡರ್ ಒಯ್ಯಲು ಟ್ರೈಲರ್ ತಂದ ಗೆಳೆಯರಿಗೆ ಉಳಿದದ್ದು ಖಾಲಿ ಡಬ್ಬಿ.

ಸಂಜೆ ಮನೆಯಲ್ಲಿ ತೀರ್ಪು ಬಂತು. “ಹಾರ್ರಿ, ಬ್ಯಾಡ ಅನ್ನಲ್ಲ. ಆದ್ರೆ ಕೆಳಗೆ ನಮ್ಮೋರು ಇರೋ ಕಡೆ ಮಾತ್ರ.”

ಕುಣಿಯುವುದೊಂದೇ ಬಾಕಿ. ಅಷ್ಟರಲ್ಲಿ ವಿನೋಬನಗರದ ಚಿಕ್ಕಮ್ಮನ ಫೋನು. “ಗಿರಿಜಕ್ಕನ ಮನೆ ಮೇಲೆ ಅಷ್ಟೊಂದು ಸುತ್ತು. ನಮ್ಮನೆ ಮೇಲೆ ಸೀದಾ ಹೋಗ್ಬಿಟ್ಯಲ್ಲ, ನಾವೇನ್ ಮಾಡಿದ್ವಪಾ?”

ಈಗ ನೀವೇ ಹೇಳಿ, ವಿನೋಬನಗರದ ಮೇಲೆ ಬಿಸಿಗಾಳಿ ಎಬ್ಬಿಸುವುದು ಹೇಗೆ?