ಗಣಿಯ ಬಾಯಿಯ ಮೇಲಿನ ಹೊಂಗೆ

ನನ್ನ ಹಳೆಯ ಡೈರಿಯ ಜುಲೈ ಒಂಬತ್ತರ ಪುಟದಲ್ಲಿದೆ: ‘ಹೊಂಗೆ ನೆಟ್ಟೆವು. ಇವರು ನೀರು ಹಾಕಿದರು.’ ಬ್ರಿಸ್ಬೇನ್ ಆಚೆ, ಪಾಳುಬಿದ್ದ ಕಲ್ಲಿದ್ದಲು ಗಣಿಗೆ ಮಣ್ಣು ತುಂಬಿ ಊರಿಗೊಂದು ಪಾರ್ಕ್ ಮಾಡುತ್ತಿದ್ದರು. ಗಿಡ ನೆಡಲು ನಾವೂ ಹೋಗಿದ್ದೆವು. ಯಜಮಾನರು ತೀರಿಕೊಂಡ ಮೇಲೆ ಭಾನುವಾರಗಳಲ್ಲಿ ನಾನು ಕೂರುತ್ತಿದ್ದುದು ಆ ಮರದಡಿಯಲ್ಲೇ.

ಕಳೆದ ವರ್ಷ ಪಾರ್ಕಿನ ಎಂಜಿನಿಯರ್ ರೋಹಿತ್ ಅಲ್ಲಿಗೇ ಬಂದ. ಬ್ರಿಸ್ಬೇನಿನ ರನ್‌ಕಾರ್ನ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವನು.

“ಆಂಟಿ, ಗಣಿಗೆ ಇಳೀತಿದ್ದ ಹಳೇ ಬಾವಿ ಈ ಮರದ ಕೆಳಗೇ ಇದೆ. ಬೇರು ಅದರ ಮುಚ್ಚಳ ಸೀಳ್ತಿದೆ. ಕಡೀಲೇಬೇಕು.”

“ನಿಮ್ಮಪ್ಪ ನೆಟ್ಟಿದ್ದಿದ್ರೆ ಇಷ್ಟು ಸಲೀಸಾಗಿ ಹೇಳ್ತಿದ್ದೆಯೇನೋ?”

“ಅಂಕಲ್ ಇದ್ದಿದ್ರೆ ನನಗಿಂತ ಮೊದಲು ಅವರೇ ಹೇಳ್ತಿದ್ರು, ಆಂಟಿ.”

ಅದು ನಿಜ. ಎರಡು ಸಲ ಅಲುಗಾಡಿಸಿ ನೋಡದೆ ಏಣಿ ಹತ್ತಿದ ಮನುಷ್ಯನಲ್ಲ ಅವರು.

ಕಡಿಯುವ ದಿನ ಬುಡಕ್ಕೆ ಅರಿಶಿನ ಕುಂಕುಮ ಇಟ್ಟೆ. ಗರಗಸ ಹಿಡಿದಿದ್ದವನು ಟೋಪಿ ತೆಗೆದು, ಇಲ್ಲಿಯವರ ವಾಡಿಕೆಯಂತೆ “ನೋ ವರೀಸ್, ಲವ್” ಎಂದು ಕಾದ. ನನ್ನ ಗಂಡ ಒಮ್ಮೆಯೂ ನನ್ನನ್ನು ಹಾಗೆ ಕರೆದಿರಲಿಲ್ಲ.

ಈಗ ಅಲ್ಲಿ ಹೊಸ ಕಾಂಕ್ರೀಟ್ ಇದೆ, ಮಕ್ಕಳು ಅದರ ಮೇಲೆ ಕಾಲಲ್ಲಿ ತಳ್ಳುವ ಸ್ಕೂಟರ್ ಓಡಿಸುತ್ತಾರೆ. ಅವರು ಕ್ಷೇಮವಾಗಿರಲು ಹೋದದ್ದು ಒಂದು ಮರ, ಮತ್ತು ನನ್ನ ಭಾನುವಾರಗಳು.