ತುಂಡು ಬಟ್ಟೆಯ ಗೋಡೆ

ನಮ್ಮಮ್ಮ ರಾತ್ರಿಯೆಲ್ಲ ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡುತ್ತಿದ್ದಳು. ಇದನ್ನು ಯಾರಿಗಾದರೂ ಹೇಳಿದರೆ ಮೊದಲು ನನ್ನ ಮುಖ ನೋಡುತ್ತಿದ್ದರು, ಮಗಳು ಮಲಗೋದಕ್ಕೆ ಜಾಗ ಕೊಟ್ಟಿಲ್ಲವೇನೋ ಅನ್ನುವ ಹಾಗೆ. ಜಾಗ ಇತ್ತು ಸ್ವಾಮಿ. ಇಬ್ಬರು ಆರಾಮಾಗಿ ಮಲಗುವಂಥ ದೊಡ್ಡ ಮಂಚ, ಅದರ ಮೇಲೆ ಹತ್ತಿಯ ಹಾಸಿಗೆ, ಎಲ್ಲ ಇತ್ತು. ಆದರೆ ಮಂಚದ ತುಂಬ ಬಟ್ಟೆಯ ತುಂಡುಗಳು. ಕೆಂಪು, ಹಳದಿ, ಗೆರೆಯದ್ದು, ಚುಕ್ಕಿಯದ್ದು, ಒಂದರ ಪಕ್ಕ ಒಂದು ಹಾಯಾಗಿ ಕಾಲು ಚಾಚಿ ಮಲಗಿರುತ್ತಿದ್ದವು. ಅಮ್ಮ ಮಾತ್ರ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕತ್ತು ವಾಲಿಸಿಕೊಂಡು ಅವುಗಳ ಕಾವಲು ಕಾಯುತ್ತಿದ್ದಳು.

ಅಮ್ಮ ಕೌದಿ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ನಮ್ಮ ಇಸ್ತ್ರಿ ಅಂಗಡಿ. ಅಪ್ಪ ಇದ್ದಾಗ ಅವರು ಇಸ್ತ್ರಿ ತಿಕ್ಕುತ್ತಿದ್ದರು, ಅಮ್ಮ ಗಂಜಿ ಹಾಕಿ ಒಣಗಿಸಿ ಮಡಿಸುತ್ತಿದ್ದಳು. ಈಗ ಇಸ್ತ್ರಿಪೆಟ್ಟಿಗೆ ನನ್ನ ಕೈಯಲ್ಲಿ. ಎದುರುಗಡೆಯ ಟೈಲರಣ್ಣ ಕತ್ತರಿಸಿ ಉಳಿದ ತುಂಡುಗಳನ್ನು ಚೀಲದಲ್ಲಿ ತಂದುಕೊಡುತ್ತಿದ್ದರು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಮ್ಮ ಅದನ್ನೆಲ್ಲ ನೆಲದ ಮೇಲೆ ಹರಡಿ, ಆಚೆಗೊಂದು ಈಚೆಗೊಂದು ಸರಿಸಿ, ಬಣ್ಣಕ್ಕೆ ಬಣ್ಣ ಕೂಡಿದ ಮೇಲೆ ಹೊಲಿಯೋಕೆ ಕೂರುತ್ತಿದ್ದಳು. ಈ ಬೀದಿಯಲ್ಲಿ ಅವಳ ಕೌದಿ ಹೊದ್ದುಕೊಳ್ಳದೆ ಬೆಳೆದ ಮಕ್ಕಳು ಕಡಿಮೆ.

ಆಮೇಲೆ ಮಂಡಿ ಕೈ ಕೊಟ್ಟಿತು. ನೆಲಕ್ಕೆ ಕೂತರೆ ಏಳಿಸೋಕೆ ಇಬ್ಬರು ಬೇಕು. ಅಪ್ಪ ಹೋದ ಮೇಲೆ ತುಂಡುಗಳನ್ನೆಲ್ಲ ಎತ್ತಿಕೊಂಡು ಮಂಚದ ಮೇಲೆ ಹರಡಿದಳು, ಅಷ್ಟೇ. ಅಲ್ಲಿಂದ ಅವು ಏಳಲೇ ಇಲ್ಲ. ದಿನವೂ ಒಂದನ್ನು ಆ ಕಡೆ, ಒಂದನ್ನು ಈ ಕಡೆ ಸರಿಸುವುದು, ಮತ್ತೆ ಮೊದಲಿನ ಜಾಗಕ್ಕೇ ತರುವುದು. ಸೂಜಿಗೆ ದಾರ ಪೋಣಿಸಿದ್ದನ್ನೇ ನಾನು ಕಾಣಲಿಲ್ಲ.

"ಬೆಡ್‌ಶೀಟ್ ಸಮೇತ ಎತ್ತಿ ಮೇಜಿನ ಮೇಲೆ ಇಡ್ತೀನಿ ಬಿಡಮ್ಮ, ಬೆಳಿಗ್ಗೆ ವಾಪಸ್ ಹಾಸಿದರಾಯ್ತು" ಅಂದೆ.

"ಮುಟ್ಟಬೇಡ. ನೀನು ಎತ್ತಿದರೆ ಹಸಿರು ಹೋಗಿ ನೀಲಿ ಪಕ್ಕ ಕೂರುತ್ತೆ."

"ಕೂತರೆ ಏನಾಗುತ್ತೆ?"

"ನಿನಗೇನೂ ಆಗಲ್ಲ" ಅಂದು ಮುಖ ತಿರುಗಿಸಿದಳು.

ಅಷ್ಟೇ ಆಗಿದ್ದರೆ ಹಾಳಾಗಿಹೋಗಲಿ ಅಂತ ಬಿಡುತ್ತಿದ್ದೆ. ಆದರೆ ಕಾಲು ಊದಿಕೊಳ್ಳತೊಡಗಿದವು. ಚಪ್ಪಲಿ ಹಿಡಿಯದಾಯಿತು. ಡಾಕ್ಟರಮ್ಮ ಮೊಣಕಾಲಿನ ಕೆಳಗೆ ಹೆಬ್ಬೆರಳಿನಲ್ಲಿ ಒತ್ತಿ ತೋರಿಸಿದರೆ ಬಿದ್ದ ಗುಣಿ ಹಾಗೇ ಉಳಿಯಿತು. "ರಾತ್ರಿ ಕಾಲು ನೀಡಿಕೊಂಡು ಮಲಗಲೇಬೇಕು. ಹೀಗೇ ಕೂತಿದ್ದರೆ ಚರ್ಮ ಒಡೆದು ಹುಣ್ಣಾಗುತ್ತೆ. ಈ ವಯಸ್ಸಿನಲ್ಲಿ ಹುಣ್ಣಾದರೆ ಮಾಯೋದು ಕಷ್ಟ, ಆಮೇಲೆ ಓಡಾಟವೇ ನಿಂತುಹೋಗಬಹುದು" ಅಂದರು. ಇದನ್ನೆಲ್ಲ ಹೇಳಿದ್ದು ನನ್ನ ಮುಖ ನೋಡಿಕೊಂಡು. ಅಮ್ಮ ಅಷ್ಟರಲ್ಲಿ ಅವರ ಕಿಟಕಿಯ ಪರದೆಯ ಬಟ್ಟೆ ಎಂಥದ್ದು ಅಂತ ಮುಟ್ಟಿ ನೋಡುತ್ತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಉಪಾಯ ಹೇಳಿದ್ದು ಟೈಲರಣ್ಣ. "ದೊಡ್ಡ ದೊಡ್ಡ ಕೌದಿ ಹೊಲಿಯೋರು ಗೋಡೆ ಮೇಲೇ ಜೋಡಿಸ್ತಾರಮ್ಮ. ಹಗುರವಾದ ಹಲಗೆ, ಅದರ ಮೇಲೆ ಸಣ್ಣ ಕೂದಲಿನಂಥ ಜುಂಗು ಎದ್ದಿರೋ ಫ್ಲಾನೆಲ್ ಬಟ್ಟೆ ಎಳೆದು ಕಟ್ಟೋದು. ಹತ್ತಿ ತುಂಡನ್ನು ಅಂಗೈಯಲ್ಲಿ ಒತ್ತಿದರೆ ಸಾಕು, ಜುಂಗು ಹಿಡಿದುಕೊಳ್ಳುತ್ತೆ. ಗುಂಡುಸೂಜಿ ಕೂಡ ಬೇಡ. ನಿಂತುಕೊಂಡೇ ಕೆಲಸ."

ನಮ್ಮ ಯಜಮಾನರು ಗೂಡ್ಸ್ ಆಟೋ ಓಡಿಸುತ್ತಾರೆ. ಯಾವ ಕೆಲಸ ಹೇಳಿದರೂ "ಅದೇನು ಮಹಾ" ಅನ್ನುತ್ತಾರೆ, ಅಲ್ಲಿಗೆ ನನ್ನ ಎದೆ ಢವಢವ ಶುರುವಾಗುತ್ತದೆ. ಹಲಗೆಗೆಂದು ಫ್ರಿಜ್ ತುಂಬಿ ಬಂದ ಡಬ್ಬದಿಂದ ಥರ್ಮಾಕೋಲ್ ಹೊತ್ತು ತಂದರು. ಮೈತುಂಬ ಹೊಂಡ, ಉಬ್ಬು, ಮೂಲೆಗೊಂದು ಕಿವಿ.

"ಇದರಲ್ಲಿ ಮೊಟ್ಟೆ ಜೋಡಿಸಿಡಬಹುದು, ಕೌದಿ ಜೋಡಿಸೋಕೆ ಬರಲ್ಲ" ಅಂದೆ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಾರಾಯ್ತಿ, ಮಟ್ಟ ಮಾಡಿಕೊಡ್ತೀನಿ."

ಗರಗಸ ಹಿಡಿದು ಮಟ್ಟ ಮಾಡಿದರು. ಥರ್ಮಾಕೋಲ್ ಕಾಳು ಉದುರಿ ಮನೆಯೆಲ್ಲ ಬೆಳ್ಳಗಾಯಿತು. ಗುಡಿಸಿದರೆ ಪೊರಕೆಗೇ ಅಂಟಿಕೊಳ್ಳುತ್ತಿತ್ತು, ಕುಡಿಯುವ ನೀರಿನಲ್ಲಿ ತೇಲುತ್ತಿತ್ತು, ಗಿರಾಕಿಯೊಬ್ಬರ ಕಪ್ಪು ಕೋಟಿನ ಮೇಲೂ ಕೂತು ಹೋಯಿತು. ಅವರ ಮೀಸೆಯಲ್ಲಿ ಎರಡು ಕಾಳು ಇತ್ತು, ಬೇಕಂತಲೇ ಹೇಳಲಿಲ್ಲ. ಕೊನೆಗೆ ನಾನೇ ಹೋಗಿ ಚಪ್ಪಟೆ ಥರ್ಮಾಕೋಲ್ ಹಾಳೆಗಳನ್ನು ಕೊಂಡು ತಂದೆ. ಹಿಂದುಗಡೆ ಟೇಪ್ ಅಂಟಿಸಿ, ಸುತ್ತ ತೆಳು ಮರದ ಪಟ್ಟಿ ಹೊಡೆದು, ಅಮ್ಮನ ಕೋಣೆಯ ಗೋಡೆಗೆ ಕೊಕ್ಕೆ ಹಾಕಿ ನಿಲ್ಲಿಸಿದೆವು.

ಇಷ್ಟೆಲ್ಲ ಆಗುವಾಗ ಅಮ್ಮನದು ಒಂದೇ ಮಾತು. "ನಾನೇನು ಕೇಳಿದ್ನಾ?"

ಫ್ಲಾನೆಲ್ ತಂದ ದಿನ ಅಂಗಡಿಯಲ್ಲಿ ಮೈಮೇಲೆ ಬೀಳುವಷ್ಟು ಕೆಲಸ. ಬಟ್ಟೆಯನ್ನು ಅಮ್ಮನ ಕೈಗೆ ಕೊಟ್ಟು ಹೋದೆ. ಸಂಜೆ ಬಂದು ನೋಡಿದರೆ ಒಗೆದು ಒಣಗಿಸಿದ್ದಳು, ಹಗ್ಗದ ಮೇಲೆ ಮುದುರಿಕೊಂಡು ನೇತಾಡುತ್ತಿತ್ತು. ಮುದುರಿದ ಬಟ್ಟೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇತ್ತು, ನೀರು ಚಿಮುಕಿಸಿ ಮೂಲೆಮೂಲೆಯೂ ಬಿಡದೆ ತಿಕ್ಕಿದೆ. ಹಲಗೆಯ ಮೇಲೆ ಎಳೆದು ಕಟ್ಟಿದಾಗ ಒಂದು ಸುಕ್ಕಿಲ್ಲ, ಗೋಡೆ ಹೊಸ ಅಂಗಿಯ ಬೆನ್ನಿನ ಹಾಗೆ ಕಾಣುತ್ತಿತ್ತು. ನನಗೇ ಹೆಮ್ಮೆ ಅನ್ನಿಸಿತು.

ಟೈಲರಣ್ಣ ಬಂದು ಒಂದು ಕೆಂಪು ತುಂಡನ್ನು ಒತ್ತಿದರು. ಅದು ಜಾರಿ ನೆಲಕ್ಕೆ ಬಿತ್ತು. ಇನ್ನೊಂದು ಒತ್ತಿದರು, ಅದೂ ಬಿತ್ತು. ಫ್ಲಾನೆಲ್ ಮೇಲೆ ಅಂಗೈ ಆಡಿಸಿ ನನ್ನ ಕಡೆ ತಿರುಗಿದರು.

"ಏನು ಮಾಡಿದಿರಿ ಇದಕ್ಕೆ?"

"ಏನೂ ಇಲ್ಲಪ್ಪ. ಇಸ್ತ್ರಿ ಹಾಕಿದೆ."

"ನಾನೂ ಏನೂ ಮಾಡಿಲ್ಲ" ಅಂದಳು ಅಮ್ಮ ಕುರ್ಚಿಯಿಂದ. "ಒಂಚೂರು ಗಂಜಿ ಹಾಕಿದೆ, ಅಷ್ಟೇ."

ಟೈಲರಣ್ಣ ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. "ಜುಂಗು ಬೇಕು ಅಂತ ತಾನೇ ಫ್ಲಾನೆಲ್ ತರಿಸಿದ್ದು? ತಾಯಿ ಗಂಜಿ ಹಾಕಿ ಮಲಗಿಸಿದಿರಿ, ಮಗಳು ಇಸ್ತ್ರಿ ಹಾಕಿ ಸಾಯಿಸಿದಿರಿ." ಯಜಮಾನರು ನಗು ತಡೆಯಲಾರದೆ ಅಡುಗೆಮನೆಗೆ ಹೋದರು. ಅಲ್ಲಿ ಹೋಗಿ ಜೋರಾಗಿಯೇ ನಕ್ಕರು, ಕೇಳಿಸಲಿ ಅಂತಲೇ.

ಬಿಚ್ಚಿ, ಬಿಸಿನೀರಿನಲ್ಲಿ ನೆನೆಸಿ, ಗಂಜಿ ಹೋಗುವ ತನಕ ಜಾಲಿಸಿ, ಅರೆ ಒಣಗಿದಾಗ ಬ್ರಷ್ ಹಿಡಿದು ಉಜ್ಜಿ ಉಜ್ಜಿ ಜುಂಗು ಎಬ್ಬಿಸಿದೆ. ರಟ್ಟೆ ಬಿದ್ದುಹೋಯಿತು. ಇಸ್ತ್ರಿ ಹಾಕದೆ ಆ ಬಟ್ಟೆಯನ್ನು ಕಟ್ಟುವಾಗ ಯಾರೋ ತಲೆ ಬಾಚದೆ ಮದುವೆಗೆ ಹೊರಟ ಹಾಗೆ ಸಂಕಟವಾಯಿತು. ಆದರೆ ಈ ಸಲ ತುಂಡುಗಳು ಹಿಡಿದುಕೊಂಡವು. ಅಮ್ಮ ಹೇಳುತ್ತಾ ಹೋದಳು, ನಾನು ಮಂಚದಿಂದ ಒಂದೊಂದೇ ಎತ್ತಿ ಗೋಡೆಗೆ ಒತ್ತುತ್ತಾ ಹೋದೆ. ಎಲ್ಲ ಮುಗಿದಾಗ ಅವಳು ಬಾಗಿಲ ತನಕ ಹಿಂದೆ ಸರಿದು ನೋಡಿದಳು. "ದೂರದಿಂದ ನೋಡಿದರೆ ಬೇರೆಯೇ ಕಾಣುತ್ತಲ್ಲ" ಅಂದಳು. ನಾನು ಮಂಚ ಕೊಡವಿ, ಹೊಸ ಹೊದಿಕೆ ಹಾಸಿ, ದಿಂಬು ಇಟ್ಟು, ಗೆದ್ದೆ ಅಂದುಕೊಂಡು ಹೋಗಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಅಮ್ಮ ಕುರ್ಚಿಯಲ್ಲಿ. ಕತ್ತು ವಾಲಿತ್ತು. ಮಂಚದ ಹೊದಿಕೆ ಹಾಸಿದ ಹಾಗೇ ಇತ್ತು.

ನನಗೆ ಪಿತ್ತ ನೆತ್ತಿಗೇರಿತು. "ಇನ್ನೇನು ಮಾಡಬೇಕಮ್ಮ ನಾನು? ಮನೆಯೆಲ್ಲ ಹಾಳು ಮಾಡಿಕೊಂಡು ಗೋಡೆ ಕಟ್ಟಿದ್ದಾಯ್ತು. ಒಂದು ತುಂಡೂ ಬೀಳದ ಹಾಗೆ ಅಂಟಿಸಿಕೊಟ್ಟಿದ್ದಾಯ್ತು. ನಿನ್ನ ಕಾಲು ನೋಡ್ಕೋ, ಕಂಬದ ಹಾಗಾಗಿದೆ. ಮಂಚ ಖಾಲಿ ಬಿದ್ದಿದೆ, ಕಾಣಿಸ್ತಿಲ್ವಾ ನಿನಗೆ?"

"ಕಾಣಿಸ್ತಿದೆ" ಅಂದಳು. "ಅದಕ್ಕೇ."

"ಅದಕ್ಕೇ ಅಂದರೆ?"

ಸೆರಗಿನ ತುದಿಯನ್ನು ಮಡಿಸಿ ಬಿಚ್ಚಿದಳು. "ತುಂಡು ಇದ್ದಾಗ ಜಾಗ ಇಲ್ಲ ಅಂತ ಕೂತಿರ್ತಿದ್ದೆ. ಈಗ ಆ ಕಡೆ ಪೂರ್ತಿ ಕಾಣುತ್ತೆ, ನಿಮ್ಮಪ್ಪ ಮಲಗ್ತಿದ್ದ ಕಡೆ. ನಿದ್ದೆಗಣ್ಣಲ್ಲಿ ಕೈ ಅಲ್ಲಿಗೇ ಹೋಗುತ್ತೆ ಕಣೇ. ಹೋದ ಕೈಗೆ ಏನೂ ಸಿಗಲ್ಲ."

ಇದನ್ನು ಮೊದಲೇ ಹೇಳಬಾರದಿತ್ತಾ ಅಂತ ಸಿಟ್ಟು ಬಂತು. ಒಂದೇ ಗೋಡೆಯ ಆಚೆ ನಾನು ಗಂಡನ ಗೊರಕೆಗೆ ಬೈಯುತ್ತಾ ಮಲಗಿರುತ್ತಿದ್ದೆ. ಇವಳು ಇಲ್ಲಿ ಕೂತಿರುತ್ತಿದ್ದಳು.

ಮಧ್ಯಾಹ್ನ ಊಟ ಆದ ಮೇಲೆ ಅಂಗಡಿಯ ಬಾಗಿಲು ಎಳೆದು ಬಂದು ಅಪ್ಪನ ಜಾಗದಲ್ಲಿ ಉದ್ದಕ್ಕೆ ಮಲಗಿದೆ.

"ಇದೇನೇ ಇದು? ಗಿರಾಕಿ ಬರೋ ಹೊತ್ತು" ಅಂದಳು ಅಮ್ಮ.

"ಬಂದು ಹೋಗ್ತಾರೆ. ನೀನು ಬಾ."

"ರಾತ್ರಿ ಏನು ಮಾಡ್ತೀಯ?"

"ರಾತ್ರಿಯೂ ಇಲ್ಲೇ. ಅವರ ಗೊರಕೆ ಅವರೇ ಕೇಳ್ಕೊಳ್ಳಲಿ."

"ಹುಚ್ಚಿ" ಅಂದಳು. ಕೂತೇ ಇದ್ದಳು. ನಾನು ಕಣ್ಣು ಮುಚ್ಚಿಕೊಂಡೆ, ಇನ್ನೊಂದು ಮಾತು ಆಡಿದರೆ ಮತ್ತೆ ಜಗಳವೇ ಆಗುತ್ತಿತ್ತು. ತುಂಬ ಹೊತ್ತಾದ ಮೇಲೆ ಮಂಚ ಕಿರುಗುಟ್ಟಿತು. ಅಮ್ಮ ಮೊದಲು ಒಂದು ಕಾಲು, ಆಮೇಲೆ ಕೈಯಲ್ಲಿ ಎತ್ತಿ ಇನ್ನೊಂದು ಕಾಲು ಮೇಲೆ ಹಾಕಿ, ಅಂಚಿನಲ್ಲಿ ಮುದುರಿ ಮಲಗಿದಳು. ನಾನು ಎದ್ದು ಅವಳ ಕಾಲ ಕೆಳಗೆ ದಿಂಬು ಕೊಟ್ಟು ಮತ್ತೆ ನನ್ನ ಜಾಗಕ್ಕೆ ಬಂದೆ.

ಅಮ್ಮನಿಗೆ ನಿದ್ದೆ ಹತ್ತಿ ಉಸಿರು ನಿಧಾನವಾಯಿತು. ಅವಳ ಕೈ ಹೊದಿಕೆಯ ಮೇಲೆ ತಡಕಾಡುತ್ತಾ ಬಂದು ನನ್ನ ಮಣಿಕಟ್ಟು ಹಿಡಿದುಕೊಂಡಿತು. ಅಂಗಡಿಯ ಬಾಗಿಲನ್ನು ಯಾರೋ ಬಡಿದು, ಅರ್ಜೆಂಟು, ಸಂಜೆ ಹೊತ್ತಿಗೆ ಬೇಕು ಅಂತ ಕೂಗುತ್ತಿದ್ದರು. ನಾನು ಏಳಲಿಲ್ಲ.